ಅಕ್ಕೋರ ಕಂಪೌಂಡಿನ ಬಿಳಿ ದಾಸವಾಳ

ನಮ್ಮಪ್ಪ ಹೂ ಕದಿಯುತ್ತಿದ್ದರು. ಇದನ್ನು ಬೇರೆ ರೀತಿ ಹೇಳಲು ನಾನು ಬಹಳ ಒದ್ದಾಡಿದ್ದೇನೆ. ‘ಪೂಜೆಗೆ ಹೂ ತರುತ್ತಿದ್ದರು’ ಅನ್ನಬಹುದು. ‘ಬೆಳಗ್ಗೆ ಅಡ್ಡಾಡಲು ಹೋದಾಗ ನಾಲ್ಕು ಹೂ ಬಿಡಿಸಿಕೊಂಡು ಬರುತ್ತಿದ್ದರು’ ಅನ್ನಬಹುದು. ಅವ್ವ ಬಂದವರ ಮುಂದೆ ಹಾಗೇ ಅನ್ನುತ್ತಿದ್ದಳು. ಆದರೆ ಗಿಡ ನಮ್ಮದಲ್ಲ, ಕಂಪೌಂಡು ನಮ್ಮದಲ್ಲ, ಯಾರನ್ನೂ ಕೇಳಿದ್ದಿಲ್ಲ, ಆ ಹೊತ್ತಿಗೆ ಆ ಮನೆಯವರು ಎದ್ದೂ ಇರುತ್ತಿರಲಿಲ್ಲ. ಇದಕ್ಕೆ ಇನ್ನೇನು ಹೆಸರಿಡುತ್ತೀರಿ?

ಬೈಲಹೊಂಗಲದ ಪೇಟೆಯಲ್ಲಿ ಅಪ್ಪನದು ಭಾಂಡಿ ಅಂಗಡಿ. ತಾಮ್ರ, ಹಿತ್ತಾಳೆ ತೂಗುವಾಗ ತಕ್ಕಡಿಯ ಮುಳ್ಳು ಗಿರಾಕಿಯ ಕಡೆಗೇ ವಾಲುತ್ತಿತ್ತೇ ಹೊರತು ಅಪ್ಪನ ಕಡೆಗೆ ಒಂದು ದಿನವೂ ವಾಲಿದ್ದಿಲ್ಲ. ನೇಸರಗಿಯಿಂದ ಬಂದ ಮುದುಕಿಯೊಬ್ಬಳು ಹಳೆಯ ಕೊಡದೊಳಗೆ ಮರೆತುಬಿಟ್ಟಿದ್ದ ಬೆಳ್ಳಿಯ ಕಾಲುಂಗುರವನ್ನು ಬಸ್‌ಸ್ಟ್ಯಾಂಡಿನ ತನಕ ಓಡಿಹೋಗಿ ಕೊಟ್ಟು ಬಂದ ಮನುಷ್ಯ. ಅಂಥವರು ಬೆಳಗಾಗುವ ಮುಂಚೆ ಕೈಯಲ್ಲೊಂದು ಸ್ಟೀಲಿನ ತಂಬಿಗೆ ಹಿಡಿದು, ಹೆಗಲ ಮೇಲೆ ವಲ್ಲಿ ಹಾಕಿಕೊಂಡು, ಓಣಿಯ ಗೋಡೆಗಳ ಗುಂಟ ತುದಿಗಾಲಲ್ಲಿ ಹೋಗುವುದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ. ನಮ್ಮ ಬಾಡಿಗೆ ಮನೆಯ ಅಂಗಳಕ್ಕೆಲ್ಲ ಪರ್ಸಿ ಕಲ್ಲು ಹಾಸಿತ್ತು. ಒಂದು ತುಳಸಿಗೆ ಬಿಟ್ಟರೆ ಗಿಡ ಇಡಲು ಅಲ್ಲಿ ಮಣ್ಣೇ ಇರಲಿಲ್ಲ.

ಅವ್ವ ಒಮ್ಮೊಮ್ಮೆ ಗೊಣಗುತ್ತಿದ್ದಳು. “ಪ್ಯಾಟ್ಯಾಗ ಹೂ ಮಾರ್ತಾರ, ತಗೊಂಡ ಬಂದ್ರ ಏನಾಕ್ಕೈತ್ರಿ?”

“ಪ್ಯಾಟಿ ಹೂವಿಗೆ ಯಾರ್‍ಯಾರ ಕೈ ಹತ್ತಿರತಾವೋ! ಗಿಡದಿಂದ ಸೀದಾ ಲಿಂಗಕ್ಕ ಬರಬೇಕು. ಮತ್ತ ಹೂವ ಅರಳಿಸಿದವರು ದೇವ್ರು. ಅವರದ ಅವರಿಗೆ ಕೊಟ್ರ ಕಳವು ಹೆಂಗಾತು?” ಅಂತ ಅಪ್ಪ ಗದರುತ್ತಿದ್ದರು. ಇಷ್ಟಲಿಂಗ ಪೂಜೆ ಮಾಡಿಕೊಳ್ಳದೆ ಅವರು ನೀರನ್ನೂ ಮುಟ್ಟುತ್ತಿರಲಿಲ್ಲ. ಹೂವಿಲ್ಲದ ಪೂಜೆ ಅವರಿಗೆ ಪೂಜೆಯೇ ಅಲ್ಲ.

ಇಷ್ಟೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ನಮ್ಮ ಕಡೆ ಇಂಥ ಅಪ್ಪಂದಿರು ಓಣಿಗೊಬ್ಬರಂತೂ ಇದ್ದೇ ಇರುತ್ತಾರೆ. ನಮ್ಮ ದುರ್ದೈವಕ್ಕೆ ನಮ್ಮ ಓಣಿಯಲ್ಲಿ ಇಬ್ಬರಿದ್ದರು. ಕೆಳಗಿನ ಮನೆಯಲ್ಲೊಬ್ಬ ಕಂಪೌಂಡರ್ ಅಜ್ಜ. ದವಾಖಾನೆಯ ನೌಕರಿ ಮುಗಿದಿತ್ತು, ಕಣ್ಣಿಗೆ ನಿದ್ದೆ ಇರಲಿಲ್ಲ, ದೇವರ ಮೇಲೆ ವಿಪರೀತ ಭಕ್ತಿ. ಅಪ್ಪ ಗೋಡೆಯ ಬಳಿ ಬರುವಷ್ಟರಲ್ಲಿ ಆ ಅಜ್ಜ ಎಲ್ಲ ಹೂ ಬಿಡಿಸಿ ಮುಗಿಸಿರುತ್ತಿದ್ದರು. ಅಪ್ಪ ಇನ್ನಷ್ಟು ಬೇಗ ಎದ್ದರೆ ಆತ ಅದಕ್ಕಿಂತ ಬೇಗ. ಕಡೆಗೆ ಅಪ್ಪನಿಗೆ ಒಂದು ಉಪಾಯ ಹೊಳೆಯಿತು. ನಾಳೆ ಅರಳಬೇಕಾದ ದಾಸವಾಳದ ಮೊಗ್ಗನ್ನು ಇವತ್ತು ಸಂಜೆಯೇ ಕಿತ್ತು ನೀರಲ್ಲಿ ಇಟ್ಟರೂ ಅದು ಬೆಳಗ್ಗೆ ಅರಳುತ್ತದೆ. ನಂದಿಬಟ್ಟಲಿನದೂ ಹಾಗೇ. ಅಂಗಡಿ ಮುಚ್ಚಿ ಬರುವಾಗ ತಂಬಿಗೆ ತುಂಬ ಮೊಗ್ಗು ತರತೊಡಗಿದರು. ವಾರದೊಳಗೆ ಅಜ್ಜನಿಗೂ ಇದು ಗೊತ್ತಾಯಿತು. ಅವರು ಮಧ್ಯಾಹ್ನವೇ ಶುರುಮಾಡಿದರು. ಅಪ್ಪ ಇನ್ನೂ ಸಣ್ಣ ಮೊಗ್ಗಿಗೆ ಕೈ ಹಾಕಿದರು, ನಾಡಿದ್ದು ಅರಳುವಂಥದ್ದಕ್ಕೆ. ಅಜ್ಜ ಅದಕ್ಕೂ ಎಳೆಯದಕ್ಕೆ. ಎರಡು ವರ್ಷಕ್ಕೂ ಹೆಚ್ಚು ನಡೆದ ಇಬ್ಬರು ದೊಡ್ಡ ಮನುಷ್ಯರ ಈ ಜಿದ್ದಿನಲ್ಲಿ ನಮ್ಮ ಓಣಿಯ ಗಿಡಗಳಲ್ಲಿ ಹೂವೆಂಬುದೇ ಇಲ್ಲವಾಯಿತು. ಎಳೆಯ ಮೊಗ್ಗು ನೀರಲ್ಲಿಟ್ಟರೆ ಅರಳುವುದಿಲ್ಲ, ಹಾಗೇ ಹಸಿರಾಗಿ ಕೂತು ಕೊಳೆಯುತ್ತದೆ. ಅಪ್ಪ ಅದನ್ನೂ ಬಿಡಲಿಲ್ಲ. “ಮೊಗ್ಗಿನೂ ದೇವರಿಗೆ ಸಲ್ಲತೈತಿ,” ಅಂತ ಲಿಂಗದ ಮೇಲೆ ಏರಿಸುತ್ತಿದ್ದರು.

ನಾನಾಗ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂಬತ್ತನೆಯ ಇಯತ್ತೆ. ತೊಂಬತ್ತರ ದಶಕದ ನಡುಭಾಗ. ನಮಗೆ ವಿಜ್ಞಾನ ಕಲಿಸುವ ಅಕ್ಕೋರು ಎರಡು ವರ್ಷದ ಹಿಂದೆ ಕಿತ್ತೂರಿನಿಂದ ಬದಲಿಯಾಗಿ ಬಂದವರು. ನಮ್ಮ ಓಣಿಯ ಮೂಲೆಯ ಮನೆಯಲ್ಲೇ ಒಬ್ಬರೇ ಬಾಡಿಗೆಗೆ ಇದ್ದರು. ಅವರು ಪಾಠ ಮಾಡುವಾಗ ಕೈಗೆ ಏನಾದರೂ ಕೊಟ್ಟೇ ಕೊಡುತ್ತಿದ್ದರು. ಬರೀ ಪುಸ್ತಕ ಓದಿಸುವುದು ಅವರಿಗೆ ಆಗಿಬರುತ್ತಿರಲಿಲ್ಲ. ಮೊಗ್ಗಿನ ಪಾಠ ಬಂದಾಗ, ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಹುಟ್ಟುವುದಕ್ಕೆ ಕಂಕುಳ ಮೊಗ್ಗು ಅನ್ನುತ್ತಾರೆ ಎಂದರು. ನಾವು ಬೆಂಚಿನ ಕೆಳಗೆ ಬಗ್ಗಿ ನಕ್ಕೆವು. “ನಗ್ರಿ, ನಗ್ರಿ. ನಾಳಿಗೆ ಒಂದೊಂದು ಮೊಗ್ಗಿ ತಗೊಂಡ ಬರ್‍ರಿ. ಯಾರ ಕಂಕುಳಾಗ ಏನೈತಿ ಕೊಯ್ದ ನೋಡೋಣು,” ಅಂದರು.

ಮರುದಿನ ಬೆಳಗ್ಗೆ ನಾನು ಅಪ್ಪನ ತಂಬಿಗೆಯ ಮುಂದೆ ಕೂತೆ. ಅಪ್ಪ ಮೊದಲು ಸಿಡುಕಿದರು. ಆಮೇಲೆ “ಸಾಲಿ ಕೆಲಸಕ್ಕಂದ್ರ ನಡೀತೈತಿ, ಒಂದ ತಗೊ,” ಅಂದು ತಾವೇ ಒಂದು ದಾಸವಾಳದ ಮೊಗ್ಗನ್ನು ಆರಿಸಿಕೊಟ್ಟರು. ಎಳೆಯದು, ಹಸಿರು. ಅದರ ಸಂದಿಯಲ್ಲಿ ಸ್ವಲ್ಪ ಬೂದಿ ಮೆತ್ತಿತ್ತು. ತೊಳೆದುಕೊಂಡು ಹೋಗಬೇಕು ಅನ್ನುವ ಬುದ್ಧಿಯೂ ನನಗೆ ಬರಲಿಲ್ಲ.

ತರಗತಿಯಲ್ಲಿ ಮಿಕ್ಕವರು ಕಣಗಲ, ನಂದಿಬಟ್ಟಲು, ಸೇವಂತಿ ತಂದಿದ್ದರು. ದಾಸವಾಳ ನನ್ನದೊಂದೇ. ಅಕ್ಕೋರು ಖುಷಿಯಿಂದಲೇ ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಆ ಬೂದಿಯನ್ನು ಸವರಿದರು. ಬೆರಳನ್ನು ನೋಡಿಕೊಂಡರು. ಆಮೇಲೆ ನನ್ನ ಮುಖ ನೋಡಿದರು.

“ಎಲ್ಲಿಂದ ತಂದಿ?”

“ನಮ್ಮಪ್ಪ ದೇವರಿಗೆ ತಂದಿದ್ದರಾಗಿಂದರಿ,” ಅಂದೆ, ಗಟ್ಟಿಯಾಗಿ, ಹೆಮ್ಮೆಯಿಂದ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಪ್ಪನ ವಿಷಯ ಓಣಿಯ ಹುಡುಗಿಯರಿಗೆ ಗೊತ್ತಿತ್ತು. ಅಕ್ಕೋರು ನಗಲಿಲ್ಲ, ಬೈಯಲೂ ಇಲ್ಲ. ಬ್ಲೇಡು ತೆಗೆದುಕೊಂಡು ಮೊಗ್ಗನ್ನು ಉದ್ದಕ್ಕೆ ಸೀಳಿದರು. ಹೊರಗಿನ ಸಣ್ಣ ಹಸಿರು ಎಸಳು, ಅದರೊಳಗೆ ಬಟ್ಟಲಿನಂಥ ಹೊದಿಕೆ, ಅದರೊಳಗೆ ಹಿಂಡಿದ ಧೋತರದ ಹಾಗೆ ಒಂದರ ಮೇಲೊಂದು ಸುತ್ತಿಕೊಂಡ ದಳಗಳು, ನಡುವೆ ಒಂದು ಪುಟ್ಟ ಕಂಬ. ಎಲ್ಲವೂ ಪೇಲವ, ನೀರಿನಂಥ ಹಸಿರು. “ನೋಡ್ರಿ, ಹೂವಿನ್ಯಾಗ ಏನೇನ ಇರತೈತೋ ಅಷ್ಟೂ ಇದರಾಗ ಐತಿ. ಬಣ್ಣ ಒಂದ ಬಂದಿಲ್ಲ. ಬಣ್ಣ ಎಲ್ಲಾದಕ್ಕಿಂತ ಕಡೀಕ ಬರತೈತಿ,” ಅಂದರು. ಅವರ ಧ್ವನಿ ಸ್ವಲ್ಪ ಬೇರೆಯಾಗಿತ್ತು. ನಾನು ಅದನ್ನು ಆಗ ಗಮನಿಸಲಿಲ್ಲ.

ಪಾಠ ಮುಗಿದ ಮೇಲೆ ನನ್ನನ್ನು ಹೊರಗಿನ ಪಡಸಾಲೆಗೆ ಕರೆದರು. “ಈ ಬೂದಿ ನಿನ್ನೆ ಮುಂಜಾನೆ ನಾನ ಹಾಕಿದ್ದವಾ, ಇರವಿ ಹತ್ತತಾವಂತ. ಇದು ನಮ್ಮ ಗಿಡದ್ದು,” ಅಂದರು. ನನಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು.

“ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದರ ಕೇಳು,” ಅಂದು ಹೇಳಿದರು. ಅವರ ತವರು ಕಟಕೋಳ. ಅಲ್ಲಿಯ ಮನೆಯ ಹಿತ್ತಲಲ್ಲಿ ಎರಡು ಬಿಳಿ ದಾಸವಾಳ ಅಕ್ಕಪಕ್ಕ ಇದ್ದವಂತೆ. ಒಂದು ಅವರ ದೊಡ್ಡವ್ವ ಇಟ್ಟದ್ದು, ಬರೀ ಬಿಳಿ. ಇನ್ನೊಂದು ಅವರವ್ವ ಇಟ್ಟದ್ದು, ಬಿಳಿಯ ನಡುವೆ ಕುಂಕುಮ ಇಟ್ಟಷ್ಟು ಕೆಂಪು. ಅವ್ವ ತೀರಿಹೋದ ವರ್ಷ ದಾಯಾದಿಗಳು ಮನೆ ಮಾರಿದರು, ಹಿತ್ತಲು ಕಡಿಸಿದರು. ಅಕ್ಕೋರು ಹೋಗುವಷ್ಟರಲ್ಲಿ ಎರಡೂ ಗಿಡ ನೆಲಸಮ. ಬಿದ್ದ ರಾಶಿಯೊಳಗಿಂದ, ಎಲೆ ಬಾಡಿ ಉದುರಿದ ಒಂದೇ ಒಂದು ಹಸಿ ಟೊಂಗೆ ಸಿಕ್ಕಿತು. ಅದನ್ನು ತಂದು ಇಲ್ಲಿ ಊರಿದರು. ಚಿಗುರಿತು. ಅದು ಅವ್ವನ ಗಿಡವೋ ದೊಡ್ಡವ್ವನ ಗಿಡವೋ ಎಲೆ ನೋಡಿ ತಿಳಿಯುವುದಿಲ್ಲ, ಮೊಗ್ಗು ನೋಡಿಯೂ ತಿಳಿಯುವುದಿಲ್ಲ. ಕೆಂಪು ಇರುವುದು ಹೂವಿನ ಗಂಟಲಲ್ಲಿ.

“ಅರಳಿದರ ಅಷ್ಟ ತಿಳಿಯೂದವಾ. ಎರಡು ವರ್ಷ ಆತು, ಒಂದೂ ಅರಳಿಲ್ಲ. ಮೊಗ್ಗಿ ಉದರತಾವಂತ ತಿಳಕೊಂಡಿದ್ದೆ. ಇವತ್ತ ಗೊತ್ತಾತು.” ಸೀಳಿದ ಮೊಗ್ಗಿನ ಎರಡು ಹೋಳು ಇನ್ನೂ ಅವರ ಅಂಗೈಯಲ್ಲಿದ್ದವು. ಅವನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡರು.

ಮನೆಗೆ ಹೋದವಳೇ ಪಾಟಿಚೀಲ ಬಿಸಾಡಿ ಅಪ್ಪನ ಮೇಲೆ ಹರಿಹಾಯ್ದೆ. ಅಷ್ಟು ದಿನ ಅಪ್ಪನ ಎದುರು ದನಿ ಎತ್ತಿದವಳಲ್ಲ. ನಡೆದದ್ದನ್ನೆಲ್ಲ ಹೇಳಿ, “ಅಕ್ಕೋರ ಮುಂದ ನನ್ನ ಮಾನ ಹರಾಜ ಹಾಕಿದ್ರಿ!” ಅಂತ ಕಿರುಚಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಕಟಗೊಂಡಾಕಿ ನಾ ಹೇಳಿದ್ರ ಕೇಳಲಿಲ್ಲ, ಈಗ ಮಗಳ ಕಡಿಂದ ಕೇಳ್ರಿ,” ಅಂದಳು.

ಅಪ್ಪ ತಮ್ಮ ಹಳೆಯ ವಾದಕ್ಕೆ ಬಾಯಿ ತೆರೆದರು. ದೇವರು, ಗಿಡ, ಯಾರದು, ಏನು ಅಂತ ಎರಡು ಮಾತು ಆಡಿದರು. ಆಮೇಲೆ ತಂಬಿಗೆಯನ್ನು ಎತ್ತಿ ಗೂಡಿನಲ್ಲಿಟ್ಟರು. ಅವರ ಕಿವಿ ಕೆಂಪಾಗಿತ್ತು. ಮರುದಿನ ಅವರು ಎಂದಿನಂತೆ ಎದ್ದರು, ಸ್ನಾನ ಮಾಡಿದರು, ಬರೀ ವಿಭೂತಿ ಮತ್ತು ಪತ್ರಿಯಲ್ಲಿ ಪೂಜೆ ಮುಗಿಸಿದರು. ತಂಬಿಗೆ ಗೂಡಿನಲ್ಲೇ ಇತ್ತು. ಅವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು, ಅದರ ಹಿಂದೆಯೇ ಸಿಟ್ಟೂ ಬರುತ್ತಿತ್ತು.

ಆದರೆ ಅಪ್ಪ ಬಿಟ್ಟರೇನು, ಕಂಪೌಂಡರ್ ಅಜ್ಜ ಬಿಡಬೇಕಲ್ಲ! ಎದುರಾಳಿ ಹಿಂದೆ ಸರಿದದ್ದು ನೋಡಿ ಆತನಿಗೆ ಹಬ್ಬ. ಅಕ್ಕೋರು ಹೋಗಿ ಮರ್ಯಾದೆಯಿಂದಲೇ ಕೇಳಿದರಂತೆ. “ಮುಟ್ಟೂದಿಲ್ಲವಾ ತಾಯಿ,” ಅಂತ ಕೈ ಮುಗಿದು, ಮರುದಿನ ಮತ್ತೆ ಬಂದಿದ್ದರಂತೆ. ಬೇಸಿಗೆ ಬೇರೆ ಶುರುವಾಗಿತ್ತು. ನಮ್ಮೂರಿಗೆ ನಲ್ಲಿ ನೀರು ಬರುವುದೇ ಅಪರೂಪ. ನೀರಿನ ಕೊರತೆಗೆ ಇದ್ದ ಮೊಗ್ಗೂ ಹಳದಿಯಾಗಿ ಉದುರುತ್ತಿದ್ದವು. ನಾನು ದಿನಾ ಸಂಜೆ ನಮ್ಮ ಬಚ್ಚಲಲ್ಲಿ ಬಟ್ಟೆ ಜಾಲಿಸಿದ ನೀರನ್ನು ಬಕೀಟಿನಲ್ಲಿ ಹೊತ್ತು ಆ ಗಿಡಕ್ಕೆ ಹಾಕಲು ಹೋಗತೊಡಗಿದೆ. ಹಾಗೆ ಮಾಡಿ ನಮ್ಮ ಮನೆಯ ಮರ್ಯಾದೆಯನ್ನು ತೊಳೆಯುತ್ತಿದ್ದೇನೆ ಎಂಬ ಭಾವನೆ ನನಗಿತ್ತು. ಅಕ್ಕೋರು ಬೇಡ ಅನ್ನಲಿಲ್ಲ.

ಒಂದು ದಿನ ಗಿಡದ ತುದಿಗಳನ್ನೆಲ್ಲ ಕತ್ತರಿಸಿ ಹಾಕಿದರು. ಯಾಕೆಂದು ಕೇಳಿದೆ. ತುದಿ ಇರುವ ತನಕ ಅದು ಪಕ್ಕದ ಕಣ್ಣುಗಳನ್ನು ಏಳಗೊಡುವುದಿಲ್ಲ, ತುದಿ ಹೋದರೆ ಪಕ್ಕದಿಂದ ಹೊಸ ಟೊಂಗೆ ಬರುತ್ತವೆ, ದಾಸವಾಳ ಮೊಗ್ಗು ಕಟ್ಟುವುದೇ ಹೊಸ ಟೊಂಗೆಯಲ್ಲಿ ಎಂದು ಬಿಡಿಸಿ ಹೇಳಿದರು. ಹಾಗೇ ಆಯಿತು. ಕತ್ತರಿಸಿದ ಕೆಳಗೆ, ಒಣಗಿ ಉದುರಿದ ಎಲೆಯ ಗುರುತಿನ ಮೇಲೆ ಒಂದು ಉಬ್ಬು ಕಾಣಿಸಿತು. ಉಬ್ಬು ಚಿಗುರಾಯಿತು. ಚಿಗುರು ಉದ್ದವಾಯಿತು. ಅದರ ಎಲೆಯ ಸಂದಿಯಲ್ಲಿ ಜೋಳದ ಕಾಳಿಗಿಂತ ಸಣ್ಣದೊಂದು ಹಸಿರು. ಅದರ ಜೊತೆ ಹುಟ್ಟಿದ ಮಿಕ್ಕವೆಲ್ಲ ಬಿಸಿಲಿಗೆ ಉದುರಿದವು. ಅಜ್ಜನ ಕೈಗೆ ಎರಡು ಸಿಕ್ಕವು. ಇದೊಂದು ಎಲೆಯ ಮರೆಯಲ್ಲಿ ಉಳಿದುಕೊಂಡಿತು.

ಅಷ್ಟರಲ್ಲಿ ಅಕ್ಕೋರಿಗೆ ಬದಲಿಯ ಆದೇಶ ಬಂತು. ರಾಮದುರ್ಗದಾಚೆ ಸುರೇಬಾನಕ್ಕೆ. ಮೇ ತಿಂಗಳ ಕೊನೆಗೆ ಅಲ್ಲಿ ಹಾಜರಾಗಬೇಕು. ಗಿಡ ಕಿತ್ತುಕೊಂಡು ಹೋಗುವಂತಿಲ್ಲ, ಆ ಬಿಸಿಲಿಗೆ ಅದು ಉಳಿಯುವುದಿಲ್ಲ. ಟೊಂಗೆ ಒಯ್ಯಬಹುದು, ಆದರೆ ಅದು ಯಾವ ಗಿಡದ ಟೊಂಗೆ? ದೊಡ್ಡವ್ವನದಾದರೆ ನನಗೇಕೆ ಬೇಕು ಎಂದು ಕಡ್ಡಿ ಮುರಿದ ಹಾಗೆ ಅಂದರು. ಆ ದೊಡ್ಡವ್ವನ ಮಕ್ಕಳೇ ಮನೆ ಮಾರಿದವರು. “ಹೋಗೂದರಾಗ ಇದೊಂದು ಅರಳಿ ಹೇಳಿತಂದ್ರ ಸಾಕು,” ಅನ್ನುತ್ತಿದ್ದರು. ನಾನು ದಿನಾ ಆ ಮೊಗ್ಗನ್ನು ನೋಡಿ ಬಂದು ಮನೆಯಲ್ಲಿ ವರದಿ ಒಪ್ಪಿಸುತ್ತಿದ್ದೆ. ಅವ್ವನಿಗೆ ಹೇಳುವಂತೆ ಹೇಳುತ್ತಿದ್ದೆ, ಅಪ್ಪನಿಗೆ ಕೇಳಿಸಲಿ ಅಂತಲೇ.

ಒಂದು ಸಂಜೆ ಅಪ್ಪ ನನ್ನ ಹಿಂದೆಯೇ ಬಂದರು. ಬಕೀಟು ಅವರೇ ಹೊತ್ತಿದ್ದರು. ಗೋಡೆಯ ಹೊರಗೆ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತು ಚಾಚಿ ನೋಡಿದರು. ಮೊಗ್ಗು ಆಗ ಹೆಬ್ಬೆರಳಿನಷ್ಟಾಗಿತ್ತು. ಹೊರಗಿನ ಹಸಿರು ಬಿರಿದು ತುದಿಯಲ್ಲಿ ಬಿಳಿಯ ಗೀರು ಕಾಣುತ್ತಿತ್ತು. “ನಿನ್ನೆಕ್ಕಿಂತ ದೊಡ್ಡದಾಗೈತೇನು?” ಅಂತ ಪಿಸುಗುಟ್ಟಿದರು. ಆಗೈತಿ ಅಂದೆ. “ಇಷ್ಟ ವರ್ಷ ಹರದೇನಿ, ಒಂದ ದಿವಸ ಬೆಳ್ಯೂದ ನೋಡಿಲ್ಲ ನೋಡವಾ,” ಅಂದರು. ಆಮೇಲೆ ದಿನಾ ಬಂದರು. ಅಕ್ಕೋರು ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬರುತ್ತಿದ್ದರು, ಅವರಿಗೆ ಮುಖ ತೋರಿಸುವ ಧೈರ್ಯ ಇರಲಿಲ್ಲ.

ನಾಳೆ ಅರಳುತ್ತದೆ ಅನ್ನುವ ದಿನ ಅಪ್ಪನಿಗೆ ಚಡಪಡಿಕೆ ಹತ್ತಿತು. ಅಜ್ಜ ಮಧ್ಯಾಹ್ನ ಆ ಗೋಡೆಯ ಬಳಿ ಎರಡು ಸಲ ಸುಳಿದದ್ದನ್ನು ಅಂಗಡಿಗೆ ಹೋಗುವಾಗ ನೋಡಿದ್ದರು. ಹೂ ಕದಿಯುವವರ ಮನಸ್ಸು ಅಪ್ಪನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಅಂಥವರು ಯಾವುದಕ್ಕೂ ಹೆದರುವುದಿಲ್ಲ, ಒಂದಕ್ಕೆ ಬಿಟ್ಟು. ನಮ್ಮ ಕಡೆ ಬಳ್ಳಿಯ ಮೊದಲ ಕಾಯಿಗೋ ಗಿಡದ ಮೊದಲ ಹೂವಿಗೋ ಅರಿಶಿನದ ದಾರ ಕಟ್ಟಿ ಸವದತ್ತಿ ಎಲ್ಲಮ್ಮನ ಹೆಸರಿಗೆ ಮೀಸಲು ಅಂದುಬಿಟ್ಟರೆ, ಅದು ದೇವಿಗೆ ಮುಟ್ಟುವ ತನಕ ಎಂಥ ಕಳ್ಳನೂ ಅದನ್ನು ಮುಟ್ಟುವುದಿಲ್ಲ. ಮನೆಯವರೂ ಮುಟ್ಟುವುದಿಲ್ಲ. ಅಪ್ಪ ದೇವರ ಗೂಡಿನಿಂದ ಒಂದು ದಾರ ತೆಗೆದು ಅರಿಶಿನದಲ್ಲಿ ಅದ್ದಿದರು. ಹೊತ್ತು ಮುಳುಗುವಾಗ ಹೋಗಿ ಮೊಗ್ಗಿನ ತೊಟ್ಟಿಗೆ ನಾಜೂಕಾಗಿ ಕಟ್ಟಿ ಬಂದರು. “ಇನ್ನ ಅಂವ ಹೆಂಗ ಕೈ ಹಾಕತಾನ ನೋಡತೇನಿ,” ಅಂದರು. ಬಹಳ ದಿನದ ಮೇಲೆ ಆ ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡರು.

ಬೆಳಗ್ಗೆ ನಾನು ಬೋರಿನ ನೀರಿಗೆ ಪಾಳಿ ಹಚ್ಚಲು ಹೋಗಿದ್ದೆ. ಕೊಡ ಹೊತ್ತು ವಾಪಸು ಬಂದಾಗ ಅವ್ವ ನಡುಮನೆಯಲ್ಲಿ ಒಂದು ತಾಟು ಹಿಡಿದು ನಿಂತಿದ್ದಳು. ತಾಟಿನಲ್ಲಿ ಒಂದು ಎಲೆ, ಎಲೆಯ ಮೇಲೆ ಆ ಮೊಗ್ಗು, ಅದರ ತೊಟ್ಟಿಗೆ ಹಳದಿ ದಾರ.

ಅಕ್ಕೋರು ಬಂದು ಹೋಗಿದ್ದರು. ಸಾಮಾನಿನ ಟೆಂಪೋದವನು ಬಿಸಿಲೇರುವ ಮುಂಚೆ ಹೋಗಬೇಕೆಂದು ಹೇಳಿದ ದಿನಕ್ಕಿಂತ ಮುಂಚೆಯೇ ಬಂದು ಹಾರ್ನ್ ಹೊಡೆಯುತ್ತಿದ್ದನಂತೆ. ಹಿಂದಿನ ಸಂಜೆ ಅಪ್ಪ ದಾರ ಕಟ್ಟುವುದನ್ನು ಅಕ್ಕೋರು ಕಿಡಕಿಯಿಂದ ನೋಡಿದ್ದರು. “ಸಾವಕಾರ್‍ರು ಎಲ್ಲಮ್ಮಗ ಮೀಸಲು ಕಟ್ಟ್ಯಾರ. ನಾ ಬಿಟ್ಟ ಹೋದ್ರ ಯಾರರ ಹರದಾರು, ನಿಮ್ಮ ಹರಕಿ ಕೆಟ್ಟೀತು. ದೇವರ ಹೆಸರಿಲೆ ಬಿಟ್ಟದ್ದು ನನಗ್ಯಾಕವಾ,” ಅಂದು ಅವ್ವನ ಕೈಗೆ ತಾಟು ಕೊಟ್ಟರಂತೆ. ದಾರದ ವಿಷಯ ಅವ್ವನಿಗೆ ಗೊತ್ತಿರಲಿಲ್ಲ. ಆಕೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದ್ದಳು.

“ಅಪ್ಪ?” ಅಂದೆ.

ಅಪ್ಪ ಅಲ್ಲೇ ಇದ್ದರು. ದೇವರ ಕೋಣೆಯಲ್ಲಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಯಲ್ಲಿ. ಪೂಜೆ ಮುಗಿಯುವ ತನಕ ಅವರು ಏಳುವುದಿಲ್ಲ, ಮಾತಾಡುವುದಿಲ್ಲ, ಇದು ಅವರು ಎಂದೂ ಮುರಿಯದ ನೇಮ. ನಾಲ್ಕು ಹೆಜ್ಜೆಯ ಆಚೆ ಅಕ್ಕೋರು ಆಡಿದ ಪ್ರತಿಯೊಂದು ಮಾತೂ ಅವರಿಗೆ ಕೇಳಿಸಿತ್ತು. ಟೆಂಪೋ ಹೊರಟ ಸದ್ದೂ ಕೇಳಿಸಿತ್ತು. ಹೊರಗೆ ಬಂದಾಗ ಅವರ ಮುಖದ ಮೇಲೆ ಬೆವರು ಧಾರಾಕಾರ ಇಳಿಯುತ್ತಿತ್ತು. “ಏಳಬೇಕಿತ್ತು,” ಅಂದರು. “ಲಿಂಗಪ್ಪ ಏನ ಅಂತಿರಲಿಲ್ಲ. ಏಳಬೇಕಿತ್ತು ನಾ.”

ಮೊಗ್ಗನ್ನು ಒಂದು ಲೋಟದ ನೀರಿನಲ್ಲಿ ಇಟ್ಟೆವು. ಮೂರೂ ಜನ ಅದರ ಸುತ್ತ ಕೂತೆವು. ಅಂಗಡಿ ತೆರೆಯುವ ಹೊತ್ತಾಯಿತು, ಯಾರೂ ಏಳಲಿಲ್ಲ. ಬಿಸಿಲು ಕಿಡಕಿಯಿಂದ ಒಳಗೆ ಬರುವಾಗ ದಳಗಳು ಒಂದಕ್ಕೊಂದು ಸಡಿಲವಾದವು. ಕಣ್ಣಿಗೆ ಕಾಣುವ ಹಾಗೆ ಸುರುಳಿ ಬಿಚ್ಚಿತು. ಬಿಳಿ, ಬಿಳಿ, ಇನ್ನೂ ಬಿಳಿ. ಆಮೇಲೆ ತಳ ಕಂಡಿತು. ಅಚ್ಚ ಕೆಂಪು.

“ಅವರವ್ವಂದ!” ಅಂತ ನಾನು ಕೂಗಿದೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಈ ಭೂಮಿಯ ಮೇಲೆ ಇದನ್ನು ನೋಡಬೇಕಾದವರು ಒಬ್ಬರೇ, ಅವರೊಬ್ಬರನ್ನು ಬಿಟ್ಟು ನಾವು ಮೂವರೂ ನೋಡಿದ್ದೆವು. ಅಪ್ಪ ಎದ್ದು ಟೋಪಿ ಹಾಕಿಕೊಂಡರು. “ಸಂಜೀಕ ಮುದುಡತೈತಿ. ಅದರಾಗ ಮುಟ್ಟಿಸಬೇಕು. ನೀನೂ ನಡಿ,” ಅಂದರು.

ಸ್ಟೀಲಿನ ಡಬ್ಬಿಯಲ್ಲಿ ಹಸಿ ಅರಿವೆ ಹಾಸಿ ಹೂ ಇಟ್ಟುಕೊಂಡು ಬಸ್ಸು ಹತ್ತಿದೆವು. ಮುರಗೋಡ ದಾಟಿತು. ಯರಗಟ್ಟಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಬೇರೆ ಬಸ್ಸು ಬರುವ ತನಕ ಅಪ್ಪ ಡಬ್ಬಿಯನ್ನು ತಮ್ಮ ನೆರಳಲ್ಲಿ ಹಿಡಿದು ನಿಂತಿದ್ದರು. ಮೇ ತಿಂಗಳ ಬಿಸಿಲು, ಕರಿಮಣ್ಣಿನ ಹೊಲಗಳೆಲ್ಲ ಬಿರುಕು ಬಿಟ್ಟಿದ್ದವು. ಮುಂದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಜಮಾನರು, “ಏನೈತ್ರಿ ಡಬ್ಬ್ಯಾಗ, ಘಳಿಗಿಗೊಮ್ಮೆ ಮುಚ್ಚಳ ತಗದ ನೋಡ್ತೀರಿ? ಬಂಗಾರೇನು?” ಅಂತ ಚೇಷ್ಟೆ ಮಾಡಿದರು.

“ಕಳವಿನ ಮಾಲರಿ,” ಅಂದರು ಅಪ್ಪ. ಯಜಮಾನರು ಹೋ ಹೋ ಎಂದು ನಕ್ಕರು. ನಾನು ಕಿಡಕಿಯ ಕಡೆ ಮುಖ ತಿರುಗಿಸಿದೆ. ಕಟಕೋ‍ಳದಲ್ಲಿ ಬಸ್ಸು ನಿಂತಾಗ ಅಕ್ಕೋರ ತವರೂರೆಂದು ಅಪ್ಪನೂ ಹೊರಗೆ ನೋಡಿದರು, ಆಮೇಲೆ ತಲೆ ಕೆಳಗೆ ಹಾಕಿದರು. ರಾಮದುರ್ಗ ಬರುವಷ್ಟರಲ್ಲಿ ದಳದ ಅಂಚು ಒಳಗೆ ಮಡಚತೊಡಗಿತ್ತು.

ಸುರೇಬಾನದಲ್ಲಿ ಶಾಲೆಯ ಹತ್ತಿರ ಹೊಸ ಅಕ್ಕೋರ ಮನೆ ಯಾವುದೆಂದು ಕೇಳಿಕೊಂಡು ಹೋದೆವು. ಹೊತ್ತು ಇಳಿದಿತ್ತು. ಅಕ್ಕೋರು ಗಂಟು ಬಿಚ್ಚಿದ ಸಾಮಾನುಗಳ ನಡುವೆ ಕೂತಿದ್ದರು. ನಮ್ಮನ್ನು ನೋಡಿ ಗಾಬರಿಯಿಂದ ಎದ್ದರು. “ಯಾಕ್ರಿ ಸಾವಕಾರ್‍ರ, ಏನಾತು? ಒಳಗ ಬರ್‍ರಿ, ಕುಂತ್ಕೊರ್‍ರಿ.”

ಅಪ್ಪ ಹೊಸ್ತಿಲು ದಾಟಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದರು. “ಅಕ್ಕೋರ, ನಿಮ್ಮ ಗಿಡದ ಕಳ್ಳ ನಾನರಿ. ಎರಡು ವರ್ಷ ಹರದೇನಿ. ನಿನ್ನೆ ದಾರ ಕಟ್ಟಿದ್ದು ನನ್ನ ಹರಕಿಗಲ್ಲರಿ. ನಿಮ್ಮ ಹೂ ನಿಮಗ ಉಳೀಲಿ ಅಂತ ಕಟ್ಟಿದ್ದೆ. ಮುಂಜಾನೆ ನೀವು ಬಂದಾಗ ಪೂಜ್ಯಾಗ ಇದ್ದೆ, ಏಳಲಿಲ್ಲ. ಅದೂ ನನ್ನ ತಪ್ಪು.” ಪೇಟೆಯಲ್ಲಿ ಯಾರ ಎದುರೂ ತಗ್ಗದ ಆ ಧ್ವನಿ ತಗ್ಗಿತ್ತು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಅಪ್ಪನನ್ನು ಒಬ್ಬರನ್ನೇ ಬಿಡಲೂ ಮನಸ್ಸಾಗಲಿಲ್ಲ.

ಅಕ್ಕೋರು ಡಬ್ಬಿ ತೆಗೆದುಕೊಂಡರು. ಹೂ ಮುದುಡಿ ಮತ್ತೆ ಮೊಗ್ಗಿನಷ್ಟೇ ಆಗಿತ್ತು, ಆದರೆ ಮೆತ್ತಗೆ. ಅವರು ನೆಲಕ್ಕೆ ಕೂತು, ತರಗತಿಯಲ್ಲಿ ಬ್ಲೇಡು ಹಿಡಿದ ಅದೇ ಬೆರಳಿನಿಂದ, ಒಂದೊಂದೇ ದಳವನ್ನು ಹರಿಯದಂತೆ ಬಿಡಿಸಿದರು. ಕೆಂಪು ಕಂಡಿತು. ಬಹಳ ಹೊತ್ತು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವರು ಅಳುತ್ತಾರೆ, ಇಲ್ಲವೇ ನಗುತ್ತಾರೆ, ಅಪ್ಪನಿಗೆ ಹೋಗಲಿ ಬಿಡ್ರಿ ಅನ್ನುತ್ತಾರೆ ಎಂದು ನಾನು ಕಾದೆ.

“ಎರಡು ವರ್ಷ ದಿನಾ ಇದಕ್ಕ ಬೈದೇನರಿ,” ಅಂದರು. “ಒಂದೂ ಉಳಿಸಿಕೊಳ್ಳಾಕ ಬರೂದಿಲ್ಲ, ನೀ ನಮ್ಮವ್ವನ ಗಿಡ ಅಲ್ಲ ತಗಿ, ಬಂಜಿ ಅದಿ ಬಂಜಿ, ಅಂತ. ನೀರ ಹಾಕೂಮುಂದ ಅದನ್ನ ಅಂತಿದ್ದೆ.”

ಅಪ್ಪ ಏನೋ ಹೇಳಲು ಹೋದರು. ಅಕ್ಕೋರು ತಲೆ ಎತ್ತಲಿಲ್ಲ.

“ನಾ ಹುಟ್ಟೂತನಾ ನಮ್ಮವ್ವಗ ಊರ ಮಂದಿ ಅಂದದ್ದು ಅದ ಮಾತರಿ. ಅಕಿ ಗಿಡಕ್ಕ ನಾನೂ ಅಂದೆ.”